ಸೂಜಿ ಕೊಡೋದು ತಪ್ಪಾ? ಇಂಫಾಲದ ಕಥೆ, ಯಮುನಾ ಬಜಾರ್‌ನ ಒಂದು ಬೆಳಗ್ಗೆ, ಒಂದು ವಾಯ್ಸ್ ನೋಟ್

ಇವತ್ತಿನ ಕಂತು ಊಟ ಮಾಡ್ತಾ ಕೇಳೋದಕ್ಕೆ ಸರಿಹೋಗಲ್ಲ, ಮೊದಲೇ ಹೇಳಿಬಿಡ್ತೀನಿ. ಸೂಜಿ, ರಕ್ತ, ಕೀವು ಎಲ್ಲ ಬರುತ್ತೆ.

ಭಾರತ ಸರ್ಕಾರ ಹೆರಾಯಿನ್ ಚುಚ್ಚಿಕೊಳ್ಳೋರಿಗೆ ಹೊಸ ಸಿರಿಂಜು, ಹೊಸ ಸೂಜಿ ಪುಕ್ಕಟೆ ಕೊಡುತ್ತೆ. ನಮ್ಮ ನಿಮ್ಮ ತೆರಿಗೆ ದುಡ್ಡಿನಲ್ಲಿ. ಗೊತ್ತಿತ್ತಾ ಇದು? ನನ್ನ ಫ್ರೆಂಡ್ಸ್ ಹತ್ತಿರ ಹೇಳಿದಾಗ ಹತ್ತರಲ್ಲಿ ಒಂಬತ್ತು ಜನ ಕೇಳಿದ್ದು ಒಂದೇ ಮಾತು: ‘ಹುಚ್ಚಾ ಅವರಿಗೆ? ಚಟಕ್ಕೆ ಸರ್ಕಾರವೇ ಕುಮ್ಮಕ್ಕು ಕೊಟ್ಟ ಹಾಗಾಯ್ತಲ್ಲ?’ ಈ ಪ್ರಶ್ನೆ ದಡ್ಡತನದ್ದಲ್ಲ, ಯಾರಿಗಾದರೂ ಬರುವಂಥದ್ದೇ. ಉತ್ತರ ಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ, ಮಣಿಪುರಕ್ಕೆ ಹೋಗಬೇಕು.

ಭೂಪಟದಲ್ಲಿ ಇಂಫಾಲ ನೋಡಿ. ಅಲ್ಲಿಂದ ಸುಮಾರು 110 ಕಿಲೋಮೀಟರ್ ದೂರದಲ್ಲಿ ಮೋರೆ ಅಂತ ಗಡಿ ಊರು. ಅದರ ಆಚೆಗೆ ಮ್ಯಾನ್ಮಾರ್. 1980ರ ದಶಕದಲ್ಲಿ ಆ ದಾರಿಯಲ್ಲಿ ಬಿಳಿ ಹೆರಾಯಿನ್ ಇಳಿಯೋಕೆ ಶುರುವಾಯ್ತು. ಅಲ್ಲಿನ ಹುಡುಗರು ಅದನ್ನು ‘ನಂಬರ್ ಫೋರ್’ ಅಂತ ಕರೀತಿದ್ರು. ಡೆಲ್ಲಿ, ಮುಂಬೈಯಲ್ಲಿ ಸಿಗ್ತಿದ್ದ ಬ್ರೌನ್ ಶುಗರ್ ಬೇರೆ, ಅದನ್ನು ಹಾಳೆ ಮೇಲಿಟ್ಟು ಕಾಯಿಸಿ ಹೊಗೆ ಎಳೀತಾರೆ. ನಂಬರ್ ಫೋರ್ ನೀರಿನಲ್ಲಿ ಸಲೀಸಾಗಿ ಕರಗುತ್ತೆ. ಕರಗುವ ವಸ್ತು ಬೇಗ ಸೂಜಿಯ ಕಡೆಗೆ ಹೋಗುತ್ತೆ. ಕಾಲೇಜು ಹುಡುಗರು, ಒಳ್ಳೆ ಮನೆತನದ ಮಕ್ಕಳು, ಸಂಗೀತ ಫುಟ್‌ಬಾಲ್ ಅಂತ ಓಡಾಡ್ತಿದ್ದವರು ರಕ್ತನಾಳ ಹುಡುಕೋಕೆ ಶುರು ಮಾಡಿದ್ರು.

ಆಗ ಸಿರಿಂಜು ಸಿಗೋದೇ ಕಷ್ಟ. ಔಷಧಿ ಅಂಗಡಿಯವರು ಮುಖ ನೋಡಿ ಇಲ್ಲ ಅಂತಿದ್ರು. ಸಿರಿಂಜು ಇಟ್ಟುಕೊಂಡು ಓಡಾಡಿದ್ರೆ ಪೊಲೀಸ್ ಭಯ. ಹಾಗಾಗಿ ಒಂದು ಸಿರಿಂಜು ಐದು ಜನರ ಕೈ, ಹತ್ತು ಜನರ ಕೈ ದಾಟ್ತಿತ್ತು. ಸಿರಿಂಜೇ ಇಲ್ಲದಿದ್ರೆ ಡ್ರಾಪರ್‌ಗೆ ಸೂಜಿ ಸಿಕ್ಕಿಸಿ ಅದನ್ನೇ ಹಂಚಿಕೊಳ್ಳೋದು. ಮನೆಯವರು ಹತಾಶರಾಗಿ ಮಕ್ಕಳನ್ನು ತಾವೇ ಜೈಲಿಗೆ ಹಾಕಿಸಿದ್ದೂ ಇದೆ, ಅಲ್ಲಾದ್ರೂ ಬಿಡ್ತಾನೆ ಅಂತ.

ಈಗ ಒಂದು ಅಂಕಿ. 1989ರ ಸೆಪ್ಟೆಂಬರ್‌ವರೆಗೆ ಮಣಿಪುರದಲ್ಲಿ ಚುಚ್ಚಿಕೊಳ್ಳುವವರ ರಕ್ತ ಪರೀಕ್ಷೆ ಮಾಡಿದಾಗ ಎಚ್‌ಐವಿ ಸೊನ್ನೆ. ಅದಾದ ಆರೇ ತಿಂಗಳಲ್ಲಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಜನರಿಗೆ ಎಚ್‌ಐವಿ. ಸೊನ್ನೆಯಿಂದ 50 ಪರ್ಸೆಂಟ್. ಒಂದು ಸೆಮಿಸ್ಟರ್ ಮುಗಿಯೋ ಅಷ್ಟರಲ್ಲಿ.

ಇಷ್ಟು ಬೇಗ ಹ್ಯಾಗೆ ಅಂದ್ರೆ, ಸೂಜಿ ರಕ್ತನಾಳದೊಳಗೆ ಇದೆಯಾ ಅಂತ ನೋಡೋಕೆ ಸ್ವಲ್ಪ ರಕ್ತ ಹಿಂದಕ್ಕೆ ಎಳೀತಾರೆ. ಆ ರಕ್ತ ಸಿರಿಂಜಿನಲ್ಲಿ, ಸೂಜಿ ಕೂರುವ ಆ ಸಣ್ಣ ಸಂದಿಯಲ್ಲಿ ಉಳಿಯುತ್ತೆ. ಮುಂದಿನವನು ತನ್ನ ಪಾಲಿನ ಜೊತೆಗೆ ಹಿಂದಿನವನ ರಕ್ತವನ್ನೂ ನೇರ ನಾಳಕ್ಕೆ ಹಾಕ್ಕೊಳ್ತಾನೆ. ನಡುವೆ ಚರ್ಮ ಇಲ್ಲ, ತಡೆ ಇಲ್ಲ. ಹೆಪಟೈಟಿಸ್ ಸಿ ಇನ್ನೂ ಮೊಂಡ. ಸಿರಿಂಜು ಬದಲಾಯಿಸಿದ್ರೂ ಎಲ್ಲರೂ ಅದ್ದುವ ಚಮಚ, ಹತ್ತಿ, ನೀರಿನಿಂದಲೂ ಅದು ದಾಟಿಬಿಡಬಹುದು.

ಊರು ಇದಕ್ಕೆ ಕೊಟ್ಟ ಉತ್ತರ ಭಯಾನಕವಾಗಿತ್ತು. ಮನೆಗಳಲ್ಲಿ ಸರಪಳಿ ಹಾಕಿ ಕಟ್ಟಿದ್ರು. ಬಂಡುಕೋರ ಗುಂಪುಗಳು ‘ಸಮಾಜ ಶುದ್ಧಿ’ ಅಂತ ಹುಡುಗರ ಕಾಲಿಗೆ ಗುಂಡು ಹೊಡೆದ್ವು. ಇದರಿಂದ ಯಾರೂ ಬಿಡಲಿಲ್ಲ. ಇನ್ನೂ ಒಳಗೆ, ಇನ್ನೂ ಕತ್ತಲಿಗೆ ಹೋದ್ರು. ಕತ್ತಲಲ್ಲಿ ಸಿರಿಂಜು ಇನ್ನೂ ಕಡಿಮೆ.

1991ರಲ್ಲಿ ಇಂಫಾಲದಲ್ಲಿ ಕೆಲವರು ಸೇರಿ ಸಾಸೋ ಅಂತ ಒಂದು ಸಂಸ್ಥೆ ಕಟ್ಟಿದ್ರು. ಡಾಕ್ಟರ್‌ಗಳಲ್ಲ, ಅಧಿಕಾರಿಗಳಲ್ಲ. ಅವರೇ ಒಂದು ಕಾಲಕ್ಕೆ ಚುಚ್ಚಿಕೊಳ್ತಿದ್ದವರು, ಬಿಟ್ಟು ಹೊರಗೆ ಬಂದವರು. ಗೆಳೆಯರು ಒಬ್ಬೊಬ್ಬರಾಗಿ ಸಾಯೋದನ್ನು ನೋಡಿದವರು. ಯಾವ ಗಲ್ಲಿಯಲ್ಲಿ, ಯಾವ ಹೊತ್ತಿಗೆ, ಯಾರ ಮನೆ ಹಿಂದೆ ಅಂತ ಅವರಿಗೆ ಗೊತ್ತಿತ್ತು. ಅದಕ್ಕಿಂತ ಮುಖ್ಯ, ಅವರನ್ನು ನೋಡಿ ಯಾರೂ ಓಡ್ತಿರಲಿಲ್ಲ. ಚುರಾಚಾಂದ್‌ಪುರದ ಕಡೆಯೂ 90ರ ದಶಕದ ನಡುವಿನಲ್ಲಿ ಸೂಜಿ ಬದಲಾಯಿಸಿ ಕೊಡುವ ಕೆಲಸ ಶುರುವಾಯ್ತು. 1996ರಲ್ಲಿ ಮಣಿಪುರ ತನ್ನದೇ ಏಡ್ಸ್ ನೀತಿ ತಂದು ಹಾರ್ಮ್ ರಿಡಕ್ಷನ್ ಅನ್ನೋದನ್ನು ಒಪ್ಪಿಕೊಳ್ತು. ಹಾರ್ಮ್ ರಿಡಕ್ಷನ್ ಅಂದ್ರೆ ಸರಳವಾಗಿ: ಚಟ ಬಿಡಿಸೋದು ಆದಾಗ ಆಗಲಿ, ಅಲ್ಲಿವರೆಗೆ ಮನುಷ್ಯ ಬದುಕಿರಲಿ. ಇಡೀ ದೇಶ ‘ಡ್ರಗ್ಸ್ ಬೇಡ’ ಅಂತ ಪೋಸ್ಟರ್ ಅಂಟಿಸ್ತಿದ್ದಾಗ ಒಂದು ಪುಟ್ಟ ರಾಜ್ಯ ಇದನ್ನು ಕಾಗದದ ಮೇಲೆ ಬರೀತು.

ಅಲ್ಲಿಗೆ ಎಲ್ಲ ಗೆದ್ದರು ಅಂತ ಅಲ್ಲ. ಹೆರಾಯಿನ್ ದುಬಾರಿಯಾದಾಗ ಈಶಾನ್ಯದ ಹುಡುಗರು ಸ್ಪಾಸ್ಮೋ ಪ್ರಾಕ್ಸಿವಾನ್ ಅನ್ನೋ ನೋವಿನ ಕ್ಯಾಪ್ಸೂಲ್ ಬಿಚ್ಚಿ ಅದರ ಪುಡಿ ಚುಚ್ಚಿಕೊಳ್ತಿದ್ರು. ಹೊಟ್ಟೆಗೆ ಅಂತ ಮಾಡಿದ ಪುಡಿ ಅದು, ನೀರಿನಲ್ಲಿ ಸರಿಯಾಗಿ ಕರಗಲ್ಲ. ಕೈಕಾಲೆಲ್ಲ ಬಾವು, ಕೀವು, ಕೆಲವರಿಗೆ ಕೈಯನ್ನೇ ಕತ್ತರಿಸಬೇಕಾಯ್ತು. ಅದರಲ್ಲಿದ್ದ ಡೆಕ್ಸ್‌ಟ್ರೋಪ್ರೊಪಾಕ್ಸಿಫೀನ್ ನಿಷೇಧ ಆಗಿದ್ದು 2013ರಲ್ಲಿ. ಇವತ್ತಿಗೂ ಎಚ್‌ಐವಿ ಪ್ರಮಾಣ ಹೆಚ್ಚಿರುವ ರಾಜ್ಯಗಳ ಪಟ್ಟಿಯಲ್ಲಿ ಮೇಲಿರೋದು ಮಿಜೋರಾಂ, ನಾಗಾಲ್ಯಾಂಡ್, ಮಣಿಪುರ.

ಆದ್ರೆ ಇಂಫಾಲದ ಹುಡುಗರು ಕಂಡುಕೊಂಡ ರೀತಿ ನಿಧಾನಕ್ಕೆ ದೇಶದ ರೀತಿಯಾಯ್ತು. ಈಗ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದ್ರೆ ನಾಕೋ, ಇದನ್ನೇ ಸರ್ಕಾರಿ ಕಾರ್ಯಕ್ರಮವಾಗಿ ನಡೆಸುತ್ತೆ. ಇದು ನೆಲದ ಮೇಲೆ ಹ್ಯಾಗಿರುತ್ತೆ ಅಂತ ನೋಡಬೇಕು ಅನ್ನಿಸ್ತು. ಹೋದ ಚಳಿಗಾಲದಲ್ಲಿ ಡೆಲ್ಲಿಯ ಯಮುನಾ ಬಜಾರ್ ಹತ್ತಿರ ಒಬ್ಬ ಔಟ್‌ರೀಚ್ ಕಾರ್ಯಕರ್ತರ ಹಿಂದೆ ಒಂದು ಬೆಳಗ್ಗೆ ಪೂರ್ತಿ ನಡೆದೆ. ಹೆಸರು ಹೇಳಲ್ಲ. ಭಾಯ್ ಅಂತ ಕರೀತೀನಿ, ಅಲ್ಲಿ ಎಲ್ಲರೂ ಹಾಗೇ ಕರೀತಾರೆ.

ಕಾಶ್ಮೀರಿ ಗೇಟ್ ಬಸ್ ಸ್ಟ್ಯಾಂಡ್‌ನಿಂದ ನಡೆದುಹೋಗೋ ದೂರ. ಮೇಲೆ ಫ್ಲೈಓವರ್, ಕೆಳಗೆ ಮನುಷ್ಯರು. ಮಂಜು ಎಷ್ಟಿತ್ತು ಅಂದ್ರೆ ಯಾವುದು ಕಂಬಳಿ, ಯಾವುದು ಮನುಷ್ಯ ಅಂತ ತಿಳೀತಿರಲಿಲ್ಲ. ಭಾಯ್ ಹೆಗಲಲ್ಲಿ ಒಂದು ಬ್ಯಾಗು. ಒಂದು ಕೈಯಲ್ಲಿ ಉದ್ದನೆಯ ಇಕ್ಕಳ, ಇನ್ನೊಂದರಲ್ಲಿ ಮುಚ್ಚಳ ಇರೋ ಗಟ್ಟಿ ಪ್ಲಾಸ್ಟಿಕ್ ಡಬ್ಬ. ನೆಲದ ಮೇಲೆ ಬಿದ್ದ ಸೂಜಿಗಳನ್ನು ಇಕ್ಕಳದಲ್ಲಿ ಎತ್ತಿ ಡಬ್ಬಕ್ಕೆ ಹಾಕ್ತಾ ನಡೀತಾರೆ. ಚಿಂದಿ ಆಯೋ ಮಕ್ಕಳ ಬರಿಗಾಲಿಗೆ, ಬೆಳಗ್ಗೆ ಕಸ ಗುಡಿಸೋ ಹೆಂಗಸರ ಕೈಗೆ ಅದು ಚುಚ್ಚಬಾರದಲ್ಲ. ಸೂಜಿ ಕೊಡೋದನ್ನು ಬೈಯೋರು ಈ ಅರ್ಧ ಕೆಲಸವನ್ನು ನೋಡಿರಲ್ಲ. ಕೊಡೋದರಷ್ಟೇ ವಾಪಸ್ ತಗೊಳ್ಳೋದೂ ಅವರ ಕೆಲಸ.

ಭಾಯ್ ಹತ್ತಿರ ಒಂದು ರಿಜಿಸ್ಟರ್ ಇತ್ತು. ನಾನು ಬಿಕಾಂ ಓದಿದವನು, ಲೆಕ್ಕದ ಪುಸ್ತಕ ಕಂಡ್ರೆ ಕಣ್ಣು ಅಲ್ಲಿಗೇ ಹೋಗುತ್ತೆ. ಹೆಸರಿನ ಜಾಗದಲ್ಲಿ ಕೋಡ್. ಪಕ್ಕದಲ್ಲಿ ಎರಡು ಕಾಲಂ: ಕೊಟ್ಟಿದ್ದು, ಬಂದಿದ್ದು. ಅಲ್ಲೇ ನಿಂತು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಒಬ್ಬ ದಿನಕ್ಕೆ ಮೂರು ಸಲ ಚುಚ್ಚಿಕೊಳ್ತಾನೆ ಅಂದುಕೊಳ್ಳಿ, ವಾರಕ್ಕೆ 21. ಅವನಿಗೆ ವಾರಕ್ಕೆ 10 ಸಿರಿಂಜು ಸಿಕ್ಕಿದ್ರೆ ಉಳಿದ 11 ಸಲ ಅವನು ಏನು ಬಳಸ್ತಾನೆ? ತನ್ನ ಹಳೇದು, ಇಲ್ಲ ಪಕ್ಕದವನದು. ಸ್ಟಾಕ್ ಬರೋದು ಒಂದು ವಾರ ತಡವಾದ್ರೆ ಪೂರ್ತಿ 21. ಸರ್ಕಾರಿ ಟೆಂಡರ್, ಸಪ್ಲೈ, ಬಿಲ್ ಪಾಸ್ ಆಗೋದು, ಇವೆಲ್ಲ ನಮಗೆ ಬೋರಿಂಗ್ ಶಬ್ದಗಳು. ಇಲ್ಲಿ ಅವು ರಕ್ತದ ಶಬ್ದಗಳು.

ಒಬ್ಬ ಹುಡುಗ ಪ್ಯಾಂಟ್ ಮೇಲೆತ್ತಿ ಮೊಣಕಾಲ ಕೆಳಗಿನ ಗಾಯ ತೋರಿಸಿದ. ನಾನು ಮುಖ ತಿರುಗಿಸಿಕೊಂಡೆ, ವಾಸನೆ ಹಾಗಿತ್ತು. ಭಾಯ್ ತಿರುಗಿಸಲಿಲ್ಲ. ಕೈಗವಸು ಹಾಕಿ ಕೂತರು, ತೊಳೆದ್ರು, ಹೊಸ ಬ್ಯಾಂಡೇಜ್ ಸುತ್ತಿದ್ರು. ಸುತ್ತುತ್ತಾ ಅಮ್ಮನಿಗೆ ಫೋನ್ ಮಾಡಿದ್ಯಾ ಅಂತ ಕೇಳಿದ್ರು, ರಾತ್ರಿ ಎಲ್ಲಿ ಮಲಗಿದ್ದೆ ಅಂತ ಕೇಳಿದ್ರು. ಆಸ್ಪತ್ರೆಗೆ ಹೋಗು ಅಂದಿದ್ದಕ್ಕೆ ಹುಡುಗ ನಕ್ಕ. ‘ಗೇಟಲ್ಲೇ ಓಡಿಸ್ತಾರೆ ಭಾಯ್.’ ಎಲ್ಲಾ ಸರಿ, ಇಷ್ಟು ಹೊತ್ತಿನಲ್ಲಿ ‘ಬಿಟ್ಟುಬಿಡು’ ಅನ್ನೋ ಮಾತೇ ಬರಲಿಲ್ಲವಲ್ಲ ಅಂತ ನನಗೆ ಆಶ್ಚರ್ಯ. ಆಮೇಲೆ ಚಾ ಕುಡೀತಾ ಕೇಳಿದೆ.

‘ದಿನಾ ಅದನ್ನೇ ಹೇಳಿದ್ರೆ ನಾಳೆಯಿಂದ ನನ್ನ ಕಂಡ್ರೆ ಓಡ್ತಾನೆ’ ಅಂದ್ರು. ‘ಬಿಡಬೇಕು ಅಂತ ಅವನಿಗೆ ಅನ್ನಿಸೋ ದಿನ ಬರುತ್ತೆ. ಆ ದಿನ ಅವನು ಬದುಕಿರಬೇಕು. ನಾನೂ ಇಲ್ಲೇ ಇರಬೇಕು.’

ಭಾಯ್ ಥರದವರ ಜೊತೆ ಪೀರ್ ಎಜುಕೇಟರ್‌ಗಳು ಇರ್ತಾರೆ. ಇವರೂ ಅದೇ ಬೀದಿಯವರು, ಈಗಲೂ ಬಳಸ್ತಿರೋರು ಇಲ್ಲವೇ ಬಿಟ್ಟವರು. ಸುಮಾರು 40 ಜನರಿಗೆ ಒಬ್ಬ ಅನ್ನೋದು ನಾಕೋ ಲೆಕ್ಕ. ಸೂಜಿ, ಕಾಂಡೋಮ್, ಗಾಯಕ್ಕೆ ಮದ್ದು, ಆರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆಗೆ ಕರೆದುಕೊಂಡು ಹೋಗೋದು. ಇಷ್ಟೆಲ್ಲ ಕೆಲಸಕ್ಕೆ ಸಿಗೋದಕ್ಕೆ ಸಂಬಳ ಅಂತ ಹೆಸರಿಲ್ಲ, ‘ಗೌರವಧನ’. ಈ ಶಬ್ದ ಕಂಡ್ರೆ ನನಗೆ ಮೈ ಉರಿಯುತ್ತೆ. ಆಶಾ ಕಾರ್ಯಕರ್ತೆಯರಿಂದ ಹಿಡಿದು ಇವರವರೆಗೆ, ಸರ್ಕಾರಕ್ಕೆ ಯಾರ ಕೆಲಸ ಎಲ್ಲಕ್ಕಿಂತ ಬೇಕೋ ಅವರಿಗೇ ಗೌರವ ಜಾಸ್ತಿ, ಧನ ಕಡಿಮೆ.

ಸೂಜಿ ಒಂದೇ ಅಲ್ಲ. ಡ್ರಾಪ್‌-ಇನ್ ಸೆಂಟರ್ ಅಂತ ಒಂದು ಕೋಣೆ ಇರುತ್ತೆ, ಸ್ನಾನ ಮಾಡಬಹುದು, ಒಂದೆರಡು ಗಂಟೆ ಯಾರೂ ಒದ್ದು ಎಬ್ಬಿಸದೆ ಮಲಗಬಹುದು. ಇನ್ನೊಂದು ಓಎಸ್‌ಟಿ, ಅಂದ್ರೆ ಹೆರಾಯಿನ್ ಬದಲಿಗೆ ಕೊಡುವ ಔಷಧಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಬುಪ್ರೆನಾರ್ಫಿನ್ ಮಾತ್ರೆ, ಕೆಲವು ಕಡೆ ಮೆಥಡೋನ್. ಬುಪ್ರೆನಾರ್ಫಿನ್ ಅನ್ನು ದಿನಕ್ಕೊಮ್ಮೆ ನರ್ಸ್ ಎದುರಿಗೇ ನಾಲಿಗೆ ಕೆಳಗೆ ಇಟ್ಟುಕೊಂಡು ಪೂರ್ತಿ ಕರಗೋವರೆಗೆ ಕೂರಬೇಕು. ಹೆರಾಯಿನ್ ಸಿಗದಿದ್ದಾಗ ಬರುವ ಮೈ ನೋವು, ವಾಂತಿ ಭೇದಿ, ನಡುಕ, ಡೆಲ್ಲಿ ಬೀದಿಯಲ್ಲಿ ಅದಕ್ಕೆ ‘ಟರ್ಕಿ’ ಅಂತಾರೆ, ಅದನ್ನು ಈ ಮಾತ್ರೆ ತಡೆಯುತ್ತೆ. ನಶೆ ಏರಿಸಲ್ಲ, ಒಂದು ಮಟ್ಟದ ಮೇಲೆ ಡೋಸ್ ಹೆಚ್ಚಿಸಿದ್ರೂ ಪರಿಣಾಮ ಅಷ್ಟಾಗಿ ಏರಲ್ಲ. ಬೆಳಗ್ಗೆ ಎದ್ದ ಕೂಡಲೇ ‘ಇವತ್ತಿನ ದುಡ್ಡು ಎಲ್ಲಿಂದ ಕದೀಲಿ’ ಅನ್ನೋ ಚಿಂತೆ ಇಲ್ಲದಿದ್ರೆ ಮನುಷ್ಯ ಕೂಲಿಗೆ ಹೋಗ್ತಾನೆ, ಮನೆಗೆ ಫೋನ್ ಮಾಡ್ತಾನೆ. ಆದ್ರೆ ದಿನಾ ಸೆಂಟರ್‌ಗೆ ಬಾ ಅಂದ್ರೆ ಕೂಲಿ ಕೆಲಸ ಹ್ಯಾಗೆ ಮಾಡೋದು? 2020ರ ಲಾಕ್‌ಡೌನ್‌ನಲ್ಲಿ ಬೇರೆ ದಾರಿಯಿಲ್ಲದೆ ಕೆಲವು ದಿನಗಳ ಮಾತ್ರೆಯನ್ನು ಮನೆಗೇ ಕೊಟ್ಟು ಕಳಿಸಿದ್ರು. ನನ್ನ ಅಭಿಪ್ರಾಯ ಕೇಳಿದ್ರೆ, ಸ್ಥಿರವಾಗಿರೋರಿಗೆ ಅದು ಯಾವಾಗಲೂ ಸಿಗಬೇಕು.

ಕುಮ್ಮಕ್ಕಿನ ಪ್ರಶ್ನೆಗೆ ಬರೋಣ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೂಜಿ ವಿನಿಮಯ ಶುರುವಾಗಿದ್ದು 1984ರಲ್ಲಿ, ಅದೂ ಬಳಸುವವರ ಸಂಘವೇ ಒತ್ತಾಯ ಮಾಡಿದ್ದಕ್ಕೆ. ಅಲ್ಲಿಂದ ಇಲ್ಲಿವರೆಗೆ 40 ವರ್ಷ. ಇಷ್ಟು ವರ್ಷ ದೇಶ ದೇಶಗಳಲ್ಲಿ ಅಧ್ಯಯನ ಮಾಡಿದ್ರೂ ಸೂಜಿ ಕೊಟ್ಟಿದ್ದರಿಂದ ಚಟ ಹೆಚ್ಚಾಯ್ತು ಅನ್ನೋದಕ್ಕೆ ಪುರಾವೆ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡುತ್ತೆ. ಯೋಚನೆ ಮಾಡಿ, ಪುಕ್ಕಟೆ ಸಿರಿಂಜು ಸಿಗುತ್ತೆ ಅಂತ ನಿಮ್ಮಲ್ಲಿ ಯಾರಾದರೂ ನಾಳೆ ಹೆರಾಯಿನ್ ಶುರು ಮಾಡ್ತೀರಾ?

2021ರ ಸಮೀಕ್ಷೆ ಪ್ರಕಾರ ಭಾರತದ ವಯಸ್ಕರಲ್ಲಿ ಎಚ್‌ಐವಿ ಇರೋರು ಶೇ. 0.21. ಚುಚ್ಚಿಕೊಳ್ಳುವವರಲ್ಲಿ ಶೇ. 9.03. ನಲವತ್ತು ಪಟ್ಟಿಗೂ ಹೆಚ್ಚು. ಏಮ್ಸ್‌ನವರು ಮಾಡಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಇವರಿಗೆ ಹೆಂಡತಿ ಮಕ್ಕಳಿದ್ದಾರೆ. ವೈರಸ್ಸು ಫ್ಲೈಓವರ್ ಕೆಳಗೇ ಕೂತಿರಲ್ಲ.

ಕಾನೂನು ಎರಡು ದಿಕ್ಕಿಗೆ ಎಳೆಯುತ್ತೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬಳಸೋದೇ ಅಪರಾಧ, ಹೆರಾಯಿನ್ ಆದ್ರೆ ಒಂದು ವರ್ಷದವರೆಗೆ ಜೈಲು. ಆದ್ರೆ ಅದೇ ಕಾಯ್ದೆಯ 64ಎ ಸೆಕ್ಷನ್ ಏನು ಹೇಳುತ್ತೆ ಅಂದ್ರೆ, ವ್ಯಸನಿ ತಾನಾಗಿಯೇ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಬಂದ್ರೆ ಬಳಕೆಯ ಕೇಸಿನಿಂದ ರಕ್ಷಣೆ ಇದೆ, ಚಿಕಿತ್ಸೆ ಪೂರ್ತಿ ತಗೋಬೇಕು ಅಷ್ಟೆ. ಇನ್ನು 2017ರ ಎಚ್‌ಐವಿ ಕಾಯ್ದೆ ಸೂಜಿ ಹಂಚೋದು, ಬದಲಿ ಔಷಧಿ ಕೊಡೋದು ಅಪರಾಧ ಅಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಆದ್ರೂ ಭಾಯ್ ಜೇಬಲ್ಲಿ ಯಾವಾಗಲೂ ಗುರುತಿನ ಚೀಟಿ, ಒಂದು ಪತ್ರದ ಜೆರಾಕ್ಸ್ ಇರುತ್ತೆ. ಹೊಸ ಪೇದೆ ಬಂದಾಗಲೆಲ್ಲ ಅದನ್ನು ತೆಗೆದು ತೋರಿಸಬೇಕು.

‘ಇದೆಲ್ಲ ಡೆಲ್ಲಿ ಮಣಿಪುರದ ಕಥೆ, ನಮಗ್ಯಾಕೆ’ ಅಂತ ಅನ್ನಿಸಿದ್ರೆ, ಒಂದು ವಾಯ್ಸ್ ನೋಟ್ ಬಗ್ಗೆ ಹೇಳ್ತೀನಿ. ಉತ್ತರ ಕರ್ನಾಟಕದ ಒಬ್ಬ ಕೇಳುಗರು ಕಳಿಸಿದ್ದು. ಅವರ ಒಪ್ಪಿಗೆ ತಗೊಂಡು, ಗುರುತು ಸಿಗದ ಹಾಗೆ ಮಾಡಿ ಹೇಳ್ತಿದ್ದೀನಿ. ‘ಅಣ್ಣಾ, ನನ್ನ ತಮ್ಮ ಮೂರು ತಿಂಗಳು ಸೆಂಟರ್‌ನ್ಯಾಗ ಇದ್ದು ಬಂದಾನ. ಆರಾಮ ಆಗ್ಯಾನ ಅಂದ್ಕೊಂಡಿದ್ವಿ. ಮೊನ್ನೆ ಬಚ್ಚಲದಾಗ ಮತ್ತ ಸಿರಿಂಜ್ ಸಿಕ್ತು. ಅಪ್ಪ ಮನಿ ಬಿಟ್ಟು ಹೊರಗ ಹಾಕ್ತೀನಿ ಅಂತಾನ. ನಾ ಏನ್ ಮಾಡ್ಲಿ?’

ಆ ಹುಡುಗ ಬಳಸ್ತಿದ್ದದ್ದು ಹೆರಾಯಿನ್ ಅಲ್ಲ, ನೋವಿನ ಮಾತ್ರೆ. ಟ್ರಾಮಡಾಲ್ ಅನ್ನು 2018ರಲ್ಲಿ ಎನ್‌ಡಿಪಿಎಸ್ ಒಳಗೆ ತಂದ್ರು. ಅದಾದ ಮೇಲೆ ಟ್ಯಾಪೆಂಟಡಾಲ್ ಸುದ್ದಿ ಹೆಚ್ಚಾಯ್ತು, ನಮ್ಮ ರಾಜ್ಯದ ಪೇಪರ್‌ಗಳಲ್ಲೂ ಮಾತ್ರೆ ಜಪ್ತಿಯ ಸುದ್ದಿ ಓದಿರ್ತೀರಿ. ಇದೂ ಹೆರಾಯಿನ್ ಕುಲದ್ದೇ, ಓಪಿಯಾಯ್ಡ್. ನುಂಗೋಕೆ ಮಾಡಿದ ಮಾತ್ರೆಯಲ್ಲಿ ಸೇರಿಸಿರೋ ಪುಡಿಗಳು ರಕ್ತನಾಳಕ್ಕೆ ಹೋದ್ರೆ ನಾಳ ಕಟ್ಟಿಕೊಳ್ಳುತ್ತೆ. ಸ್ಪಾಸ್ಮೋ ಕ್ಯಾಪ್ಸೂಲ್ ಕಥೆಯೇ, ಊರು ಮಾತ್ರ ಬೇರೆ.

ಒಬ್ಬ ಡಾಕ್ಟರ್ ಹತ್ತಿರ ಕೇಳಿಕೊಂಡು ಆ ಅಕ್ಕನಿಗೆ ಉತ್ತರ ಕಳಿಸಿದೆ. ಮೊದಲನೇದು, ಈಗಿನ ಈ ವಾರಗಳೇ ಎಲ್ಲಕ್ಕಿಂತ ಅಪಾಯ. ಮೂರು ತಿಂಗಳು ಬಿಟ್ಟಾಗ ಮೈ ಹಳೇ ಡೋಸ್ ತಡೆಯೋ ಶಕ್ತಿ ಕಳ್ಕೊಂಡಿರುತ್ತೆ. ಹಳೇ ಲೆಕ್ಕದಲ್ಲೇ ಹಾಕ್ಕೊಂಡ್ರೆ ಉಸಿರಾಟ ನಿಂತುಹೋಗಬಹುದು. ಜೈಲಿನಿಂದ, ಸೆಂಟರ್‌ನಿಂದ ಹೊರಬಂದ ಹೊಸದರಲ್ಲಿ ಜನ ಸಾಯೋದು ಇದಕ್ಕೇ. ಹಾಗಾಗಿ ಅವನನ್ನು ಹೊರಗೆ ಹಾಕಬೇಡಿ, ಒಬ್ಬನೇ ಬಾಗಿಲು ಹಾಕ್ಕೊಂಡು ಇರೋಕೆ ಬಿಡಬೇಡಿ. ಕರೆದರೆ, ಅಲುಗಾಡಿಸಿದರೆ ಏಳದಿದ್ರೆ, ಉಸಿರು ತುಂಬ ನಿಧಾನ ಆಗಿದ್ರೆ, ಗೊರಗೊರ ಶಬ್ದ ಬಂದ್ರೆ, ತುಟಿ ನೀಲಿಯಾದ್ರೆ, ಕಣ್ಣ ಪಾಪೆ ಸೂಜಿಮೊನೆಯಷ್ಟಾಗಿದ್ರೆ ತಕ್ಷಣ 108. ಆಂಬುಲೆನ್ಸ್ ಬರೋವರೆಗೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಉಸಿರು ನಿಂತಿದ್ರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ. ಏನು ತಗೊಂಡಿದ್ದಾನೆ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಯಾಕಂದ್ರೆ ನಲಾಕ್ಸೋನ್ ಅಂತ ಒಂದು ಇಂಜೆಕ್ಷನ್ ಇದೆ, ಓಪಿಯಾಯ್ಡ್ ಹಿಡಿತವನ್ನು ಕೆಲವೇ ನಿಮಿಷಗಳಲ್ಲಿ ಬಿಡಿಸುತ್ತೆ. ಅದರ ಪ್ರಭಾವ ಒಂದು ಗಂಟೆ ಆಚೀಚೆ ಅಷ್ಟೆ, ಆಮೇಲೆ ಮತ್ತೆ ಉಸಿರು ಇಳಿಯಬಹುದು, ಅದಕ್ಕೇ ಎದ್ದು ಕೂತ ಅಂತ ಆಸ್ಪತ್ರೆಯಿಂದ ಎದ್ದು ಬರಬಾರದು. ಇಂಫಾಲದಲ್ಲಿ ಇದನ್ನು ಬಳಸುವವರ ಕೈಗೇ, ಗೆಳೆಯರ ಕೈಗೇ ತಲುಪಿಸೋ ಪ್ರಯತ್ನ ನಡೆದಿದೆ. ನಮ್ಮಲ್ಲಿ ಎಷ್ಟು ಮನೆಗೆ ಇದರ ಹೆಸರಾದ್ರೂ ಗೊತ್ತು?

ಎರಡನೇದು, ಮತ್ತೆ ಶುರು ಮಾಡಿದ ಅಂದ್ರೆ ಚಿಕಿತ್ಸೆ ಸೋತ್ತಿದೆ ಅಂತಲ್ಲ. ಈ ಕಾಯಿಲೆ ಮರುಕಳಿಸೋ ಜಾತಿಯದು. ಮೂರು ತಿಂಗಳು ಕೂಡಿಹಾಕಿ, ಆಮೇಲೆ ಯಾವ ಔಷಧಿಯೂ ಇಲ್ಲದೆ ಮನೆಗೆ ಕಳಿಸೋದು ಎಂಥ ಚಿಕಿತ್ಸೆ ಅಂತ ಕೇಳಬೇಕು. ಬುಪ್ರೆನಾರ್ಫಿನ್ ಎಲ್ಲಿ ಸಿಗುತ್ತೆ ಅಂತ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ. ಬೆಂಗಳೂರಿಗೆ ಬರೋಕೆ ಆದ್ರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಎಚ್‌ಐವಿ ಜೊತೆಗೆ ಹೆಪಟೈಟಿಸ್ ಸಿ ಪರೀಕ್ಷೆಯನ್ನೂ ಮಾಡಿಸಿ. ಅದಕ್ಕೆ ಈಗ ಗುಣವಾಗೋ ಮಾತ್ರೆ ಇದೆ, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪುಕ್ಕಟೆ. ಸಾಮಾನ್ಯವಾಗಿ ಮೂರು ತಿಂಗಳ ಕೋರ್ಸು. ಯಾವುದಾದ್ರೂ ಖಾಸಗಿ ಸೆಂಟರ್‌ಗೆ ಸೇರಿಸೋ ಮುಂಚೆ ರಿಜಿಸ್ಟ್ರೇಷನ್ ಇದೆಯಾ, ಡಾಕ್ಟರ್ ಯಾರು, ಮನೆಯವರು ಭೇಟಿಯಾಗಬಹುದಾ ಅಂತ ಕೇಳಿ. ಭೇಟಿಗೆ ಬಿಡಲ್ಲ ಅಂದ್ರೆ ಅಲ್ಲಿಂದ ವಾಪಸ್ ಬನ್ನಿ.

ಬೀದಿ ಮಕ್ಕಳು ಬಟ್ಟೆಗೆ ಹಾಕಿ ಮೂಸೋ ಪಂಕ್ಚರ್ ಸೊಲ್ಯೂಷನ್, ವೈಟ್‌ನರ್ ಬಗ್ಗೆ ಇವತ್ತು ಹೇಳೋಕೆ ಆಗಲಿಲ್ಲ. ಅಲ್ಲಿ ಸೂಜಿಯೂ ಇಲ್ಲ, ಬದಲಿ ಮಾತ್ರೆಯೂ ಇಲ್ಲ. 2019ರ ಸಮೀಕ್ಷೆಯಲ್ಲಿ ಇಂಥವುಗಳ ಬಳಕೆ ದೊಡ್ಡವರಲ್ಲಿ ಶೇ. 0.58, 10ರಿಂದ 17 ವರ್ಷದ ಮಕ್ಕಳಲ್ಲಿ ಶೇ. 1.17. ದೊಡ್ಡವರಿಗಿಂತ ಮಕ್ಕಳೇ ಮುಂದಿರೋ ನಶೆ ಇದು. ಅದಕ್ಕೆ ಬೇರೆ ಕಂತೇ ಮಾಡಬೇಕು, ಮಾಡ್ತೀನಿ.

ಆ ಅಕ್ಕ ಮೊನ್ನೆ ಇನ್ನೊಂದು ಮೆಸೇಜ್ ಹಾಕಿದ್ರು. ತಮ್ಮ ಇನ್ನೂ ಬಿಟ್ಟಿಲ್ಲ. ಆದ್ರೆ ಬಚ್ಚಲ ಬಾಗಿಲ ಚಿಲಕವನ್ನು ಅಪ್ಪನೇ ಕಿತ್ತು ಹಾಕಿದ್ದಾರೆ, ಮುಂದಿನ ಸೋಮವಾರ ಆಸ್ಪತ್ರೆಗೆ ಜೊತೆಗೆ ಹೋಗೋಕೆ ಒಪ್ಪಿದ್ದಾರೆ.

ನಂಬರ್‌ಗಳನ್ನು ಬರೆದುಕೊಳ್ಳಿ. ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446. ಎಚ್‌ಐವಿ ಬಗ್ಗೆ 1097. ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ತುರ್ತಿಗೆ 108. ಮುಂದಿನ ಶುಕ್ರವಾರ ಸಿಗೋಣ.